ಹಿಂದಿನ ಸೀಟಿನಲ್ಲಿ ಅತ್ತೆಯವರು

ಮೋಟಾರು ಮನೆಗೆ ಬಂದ ಹೊಸದರಲ್ಲಿ ಅದರ ವಾಸನೆ ನನ್ನ ಸೀರೆಗಳನ್ನೆಲ್ಲ ಹಿಡಿದುಕೊಂಡಿತ್ತು. ಎಷ್ಟು ತೊಳೆದರೂ ಪೆಟ್ರೋಲಿನ ಒಂದು ಎಳೆ ಸೆರಗಿನಲ್ಲಿ ಉಳಿಯುತ್ತಿತ್ತು. ದುರ್ಗದಲ್ಲಿ ಆಗ ಮೋಟಾರು ಇದ್ದ ಮನೆಗಳು ತೀರ ಕಡಿಮೆ. ಹತ್ತಿ ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋದ ನಮ್ಮ ಯಜಮಾನರು ರೈಲಿನಲ್ಲಿ ಹಿಂದಿರುಗದೆ ಮೋಟಾರಿನಲ್ಲಿ ಬಂದಿಳಿದರು. ಹುಬ್ಬು, ಮೀಸೆ ಎಲ್ಲ ಕೆಂಪು ಧೂಳು. ಅಷ್ಟು ಸಂತೋಷದ ಮುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಸುಖ ಇರಲಿಲ್ಲವೆಂದು ಹೇಳಲಾರೆ. ಊರು ದಾಟಿ ಹುಣಸೆ ಮರಗಳ ಸಾಲಿಗೆ ಬಂದರೆ, ನೆರಳು ಬಿಸಿಲು ಒಂದರ ಹಿಂದೊಂದು ಮಡಿಲ ಮೇಲೆ ಓಡಿ ಹೋಗುವುದನ್ನು ನೋಡುತ್ತ ನಾನು ಮಾತು ಮರೆಯುತ್ತಿದ್ದೆ. ಆದರೆ ಚಳಿಯ ಬೆಳಿಗ್ಗೆ ಅದು ಹೊರಡಬೇಕಾದರೆ ಹಂಡೆಯ ಬಿಸಿನೀರು ಮನೆಯವರಿಗಿಂತ ಮೊದಲು ಅದಕ್ಕೆ ಆಗಬೇಕು. ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಯಜಮಾನರ ಮಣಿಕಟ್ಟು ಊದಿಕೊಂಡದ್ದೂ ಉಂಟು. ಊದಿದ ಕೈಗೆ ನಾನು ಅರಿಸಿನ ಹಚ್ಚುತ್ತಿದ್ದರೆ ಅವರು ಕಿಟಕಿಯಿಂದ ಮೋಟಾರನ್ನೇ ನೋಡುತ್ತಿದ್ದರು.

ಅತ್ತೆಯವರು ಅದನ್ನು ಹತ್ತಲು ಒಪ್ಪಿದ್ದು ತಮ್ಮನಿಗಾಗಿ. ಬಾವಿಯ ಕಟ್ಟೆಯಲ್ಲಿ ಜಾರಿ ಸೊಂಟ ಕೆಟ್ಟಮೇಲೆ ಅವರಿಗೆ ಎತ್ತಿನ ಗಾಡಿಯ ಕುಲುಕಾಟ ಆಗುತ್ತಿರಲಿಲ್ಲ. ಹರಿಯಬ್ಬೆಯ ತವರು ಕಂಡು ವರ್ಷಗಳೇ ಕಳೆದಿದ್ದವು. ಅಲ್ಲಿದ್ದ ಒಬ್ಬನೇ ತಮ್ಮನಿಗೆ ಕಣ್ಣಿಗೆ ಪೊರೆ ಬಂದು ಈಗ ಏನೇನೂ ಕಾಣದಾಗಿತ್ತು. ಅಕ್ಕನ ಮಾತು ಒಂದು ಸಲ ಕೇಳಬೇಕು ಎಂದು ಅವನು ಸಂತೆಗೆ ಬಂದವರ ಕೈಲಿ ಹೇಳಿ ಕಳಿಸಿದ್ದ. ಮೂರನೆಯ ದಿನ ಅತ್ತೆಯವರು, "ಅವನ ಕೈಯಾಗ ನನ್ನ ಕೈ ಇಟ್ಟು ಬರ್ತೀನಿ, ಹೋಗಾಣ ನಡಿ" ಎಂದರು.

ಹೊರಡುವ ಬೆಳಿಗ್ಗೆ ಮೋಟಾರಿಗೆ ಪೂಜೆಯಾಯಿತು. ಬಂದಿದ್ದ ಅಯ್ಯನವರು ಮೋಟಾರಿಗೆ ತಂದಿದ್ದ ಹಾರಗಳಲ್ಲಿ ಒಂದನ್ನು ಹಿರಿಯರೆಂದು ಅತ್ತೆಯವರ ಕೊರಳಿಗೂ ಹಾಕಿದರು. ಸೊಂಟ ಕುಲುಕದಂತೆ ಯಜಮಾನರು ಎರಡು ಪಕ್ಕಕ್ಕೂ ದಿಂಬು ಒತ್ತಿ, ಹಳೆಯ ಬಿಳಿ ಸೀರೆಯ ತುಂಡಿನಿಂದ ಅವರನ್ನು ಸೀಟಿನ ಬೆನ್ನಿಗೆ ಮೆತ್ತಗೆ ಕಟ್ಟಿದರು. ಕಿವಿಗೆ ಗಾಳಿ ಹೊಕ್ಕರೆ ನೋವು ಎಂದದ್ದಕ್ಕೆ ನಾನು ಒಂದು ವಸ್ತ್ರವನ್ನು ಗಲ್ಲದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದೆ. ಹಣೆಯ ತುಂಬ ವಿಭೂತಿ ಇತ್ತು. ಧೂಳಿಗೆ ಅವರು ಕಣ್ಣು ಮುಚ್ಚಿಕೊಂಡರು. ಆಗ ನನಗೆ ಏನೂ ಅನ್ನಿಸಲಿಲ್ಲ.

ದಾರಿಯುದ್ದಕ್ಕೂ ಜನ ಎದ್ದು ನಿಲ್ಲುತ್ತಿದ್ದರು. ಬಬ್ಬೂರಿನ ಹತ್ತಿರ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಬದುವಿಗೆ ಬಂದು ತಲೆಯ ವಸ್ತ್ರ ತೆಗೆದರು. ನೋಡಿದೆಯಾ ಮರ್ಯಾದೆ, ಎಂದು ಯಜಮಾನರು ಹಾರನ್ನಿನ ರಬ್ಬರು ಬುರುಡೆಯನ್ನು ಮತ್ತೆ ಮತ್ತೆ ಅಮುಕಿದರು. ಹಿರಿಯೂರು ದಾಟಿ ಎತ್ತಿನ ಗಾಡಿಗಳ ಜಾಡಿಗೆ ಇಳಿದದ್ದೇ ಟಯರು ಸಿಡಿಯಿತು.

ಯಜಮಾನರು ಟ್ಯೂಬಿಗೆ ತೇಪೆ ಹಾಕಿದರು, ಅದು ಮತ್ತೆ ಒಡೆಯಿತು. ಕೊನೆಗೆ ನೋಡಿದರೆ ಟಯರೇ ಹರಿದಿತ್ತು. ಪಕ್ಕಕ್ಕೆ ಕಟ್ಟಿದ್ದ ಇನ್ನೊಂದು ಟಯರನ್ನು ಸಲಾಕೆಯಿಂದ ಮೀಟಿ ಮೀಟಿ ಹಾಕುವಷ್ಟರಲ್ಲಿ ಹೊತ್ತು ಬಾಗಿತು. ಅತ್ತೆಯವರು ಕೂತಲ್ಲೇ ನಿದ್ದೆ ಹೋಗಿದ್ದರು. ಆ ನಡುವೆ ಒಬ್ಬ ಕುರಿ ಕಾಯುವವನು ಬಂದ. ಯಾವೂರಿಗೆ ಎಂದು ಕೇಳಿದ. ಹರಿಯಬ್ಬೆಗೆ ಎಂದು ಯಜಮಾನರು ತಲೆ ಎತ್ತದೆ ಹೇಳಿದರು. ಅವನು ಅತ್ತೆಯವರನ್ನು ಬಹಳ ಹೊತ್ತು ನೋಡಿ, ಕಂಬಳಿಯನ್ನು ಹೆಗಲಿನಿಂದ ಇಳಿಸಿ, ಬದುವಿನ ಮೇಲಿನ ತಂಗಡಿ ಹೂ ಕಿತ್ತು ತಂದ. ಬೆಳಿಗ್ಗೆ ಪೂಜೆಗೆ ಬಂದವರೆಲ್ಲ ಹೂವನ್ನು ಮೋಟಾರಿನ ಮೂತಿಗೆ ಇಟ್ಟಿದ್ದರು. ಅವನು ಮಾತ್ರ ಬಾಗಿ ಅತ್ತೆಯವರ ಪಾದದ ಹತ್ತಿರ ಇಟ್ಟ. ಆಮೇಲೆ ಕುರಿಗಳನ್ನು ಅಲ್ಲೇ ಬಿಟ್ಟು, ಹೊಲಗಳ ನಡುವೆ ಹರಿಯಬ್ಬೆಯ ಕಡೆಗೆ ಓಡುವ ಹಾಗೆ ನಡೆದ. ಒಡೆಯನಿಲ್ಲದ ಆ ಕುರಿಗಳು ಮೇಯದೆ ನಿಂತು ನಮ್ಮನ್ನೇ ನೋಡುತ್ತಿದ್ದವು.

ಯಾವ ಊರಿಗೆ ಹೋದರೂ ಮಕ್ಕಳು ಮೋಟಾರಿನ ಹಿಂದೆ ಕೂಗುತ್ತ ಓಡಿಬರುವುದು ವಾಡಿಕೆ. ಹರಿಯಬ್ಬೆಯಲ್ಲಿ ಒಂದು ಮಗುವೂ ಬರಲಿಲ್ಲ. ಅಡಿಗೆಯ ಹೊತ್ತಾದರೂ ಆ ಬೀದಿಯ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಅತ್ತೆಯವರ ತವರುಮನೆಯ ಜಗಲಿಯ ಮೇಲೆ ಗಂಡಸರು ಬರಿದಲೆಯಲ್ಲಿ ಕೂತಿದ್ದರು. ಪತ್ರೆಯ ವಾಸನೆ ಬಂತು. ಮನೆಯ ಪಕ್ಕದ ಹೊಲದಲ್ಲಿ, ಅತ್ತೆಯವರ ತಾಯಿಯ ಸಮಾಧಿಯ ಬಳಿ, ಆಗತಾನೆ ತೋಡಿದ ಕುಣಿ, ಅದರ ಅಂಚಿಗೆ ಕೆಂಪು ಮಣ್ಣಿನ ಗುಡ್ಡೆ. ಇನ್ನೂ ಹಸಿ.

ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರು ತೀರಿಕೊಂಡಾಗ ಅವರನ್ನು ಉದ್ದಕ್ಕೆ ಮಲಗಿಸಿದ್ದನ್ನು ಕಂಡು, ಸತ್ತವರನ್ನು ಹೀಗೂ ಇಡುತ್ತಾರೆಯೇ ಎಂದು ನಾನು ಬೆರಗಾಗಿದ್ದೆ. ನಮ್ಮವರಲ್ಲಿ ಸತ್ತವರು ಕೂತಿರುತ್ತಾರೆ. ಬೆನ್ನಿಗೆ ಕಟ್ಟು, ಪಕ್ಕಕ್ಕೆ ದಿಂಬು, ಗಲ್ಲಕ್ಕೆ ವಸ್ತ್ರ, ಹಣೆಗೆ ವಿಭೂತಿ, ಕೊರಳಿಗೆ ಹಾರ. ಹಾಗೆ ಕೂಡಿಸಿಯೇ ಹೊತ್ತು ಹೋಗಿ ಹಾಗೇ ಕುಣಿಯೊಳಗೆ ಕೂಡಿಸುತ್ತಾರೆ. ಹಿಂದಿರುಗಿ ನೋಡಿದೆ. ಬೆಳಿಗ್ಗೆ ನಾನು ಕಟ್ಟಿದ ಗಂಟು ಅತ್ತೆಯವರ ನೆತ್ತಿಯ ಮೇಲೆ ಹಾಗೇ ಇತ್ತು. ತಾನು ಸತ್ತರೆ ತಾಯಿಯ ಪಕ್ಕದಲ್ಲೇ ಇಡಬೇಕೆಂದು ಅವರು ಎಂದೋ ತಮ್ಮನಿಂದ ಮಾತು ತೆಗೆದುಕೊಂಡಿದ್ದು ಆ ಊರಿಗೆಲ್ಲ ಗೊತ್ತಿತ್ತು. ಕುರಿಯವನು ಓಡಿ ತಂದ ಸುದ್ದಿಗೆ ಅವರು ಕುಣಿ ತೋಡಿ ಕಾದಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ಕಾರು ಜನ ಬಂದು ಕಟ್ಟು ಬಿಚ್ಚತೊಡಗಿದ್ದರು. ಅತ್ತೆಯವರ ತಮ್ಮನನ್ನು ಒಬ್ಬರು ಕೈ ಹಿಡಿದು ಕರೆತಂದರು. ಅವನು ತಡವರಿಸಿ ಪಾದ ಹುಡುಕಿ, ಅದರ ಮೇಲೆ ಹಣೆಯಿಟ್ಟು ಅಳತೊಡಗಿದ.

ಅತ್ತೆಯವರು ಕಣ್ಣು ಬಿಟ್ಟರು. "ಲೇ ತಮ್ಮಾ, ಯಾಕೋ ಅಳ್ತೀಯ? ಯಾರು ಹೋದ್ರು?"

ಕಟ್ಟು ಬಿಚ್ಚುತ್ತಿದ್ದವರು ಕೈಬಿಟ್ಟು ಹಿಂದಕ್ಕೆ ಸರಿದರು. ಸಾವಿನ ಮನೆಗೆ ಬಂದೆವೆಂದು ತಿಳಿದ ಅತ್ತೆಯವರು ತಾವೂ ಕಣ್ಣೊರೆಸಿಕೊಳ್ಳುತ್ತ, ಯಾರು ಇಲ್ಲವೆಂದು ಒಂದೊಂದೇ ಮುಖವನ್ನು ನೋಡುತ್ತ ಹೋದರು. ತಮ್ಮನ ಹೆಂಡತಿ ಇದ್ದಳು, ಮಕ್ಕಳು ಇದ್ದರು, ಸೊಸೆಯರು ಇದ್ದರು. ಕೊನೆಗೆ ಅವರ ನೋಟ ಮಣ್ಣಿನ ಗುಡ್ಡೆಯ ಮೇಲೆ ನಿಂತಿತು.

"ಎಲ್ಲಾರೂ ಇದೀರಲ್ಲ" ಎಂದರು, ಬಹಳ ಮೆಲ್ಲಗೆ.

ತಮ್ಮನ ಕೈ ಇನ್ನೂ ಅವರ ಪಾದದ ಮೇಲಿತ್ತು. ಗಾಳಿಗೆ ಆ ಪಾದ ತಣ್ಣಗಾಗಿದ್ದಿರಬೇಕು. "ಇದು ನಮ್ಮಕ್ಕನ ದನಿ ಅಲ್ಲ" ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡ. ಒರೆಸಿದ್ದನ್ನು ನಾನು ನೋಡಿದೆ. ಅತ್ತೆಯವರೂ ನೋಡಿದರು. ಕೂತ ದೇಹದೊಳಗೆ ದಾರಿಯಲ್ಲಿ ಬೇರೆ ಏನಾದರೂ ಸೇರಿಕೊಂಡಿರಬಹುದು ಎಂದು ಜಗಲಿಯ ಮೇಲಿನ ಒಬ್ಬ ಹಿರಿಯರು ಪಕ್ಕದವರಿಗೆ ಹೇಳುತ್ತಿದ್ದರು. ಅವ್ವ ಸತ್ತಿಲ್ಲ, ನಿದ್ದೆ ಹೋಗಿದ್ದಳು ಅಷ್ಟೆ ಎಂದು ಯಜಮಾನರು ಎಲ್ಲರಿಗೂ ಕೂಗಿ ಕೂಗಿ ತಿಳಿಸಿದರು. ಗಾಬರಿಯಲ್ಲಿ ಅವರ ಮೊಣಕೈ ಹಾರನ್ನಿಗೆ ತಾಗಿ ಅದೂ ಒಮ್ಮೆ ಅರಚಿತು. ಜನ ಇನ್ನಷ್ಟು ದೂರ ಹೋದರು.

ಅತ್ತೆಯವರು ಗಲ್ಲದ ವಸ್ತ್ರವನ್ನು ತಾವೇ ಬಿಚ್ಚಿ ಮಡಿಚಿ ಮಡಿಲಲ್ಲಿ ಇಟ್ಟುಕೊಂಡರು. ಹಸಿವಾಗಿದೆ, ಒಲೆ ಹಚ್ಚಿರಿ ಎಂದರು. ಯಾರೂ ಕದಲಲಿಲ್ಲ. ಆ ಹಿರಿಯರೇ ತಲೆ ತಗ್ಗಿಸಿ, ಕುಣಿ ಬಾಯಿ ತೆರೆದಿರುವಾಗ ಒಲೆ ಹಚ್ಚುವಂತಿಲ್ಲ, ತೋಡಿದ ಕುಣಿಯನ್ನು ಬರಿದಾಗಿ ಮುಚ್ಚುವಂತೆಯೂ ಇಲ್ಲ ಎಂದರು. ಅದು ಅತ್ತೆಯವರಿಗೂ ತಿಳಿದದ್ದೇ. ಅಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಯಾರಿಗೂ ಕೇಡು ಬಯಸುವ ಮುಖ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದರು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು.

"ಹಿಂದ್ಗಡೆ ಒಂದು ಸತ್ತಿದ್ದೈತೆ, ನೋಡ್ರಿ" ಎಂದರು ಅತ್ತೆಯವರು. "ಅದನ್ನ ಇಡ್ರಿ."

ಮೋಟಾರಿನ ಹಿಂದೆ ಕಟ್ಟಿದ್ದು ಹರಿದ ಟಯರು. ಬೆಂಗಳೂರಿಗೆ ಕಳಿಸಿ ಹೊಲಿಸಬೇಕೆಂದು ಯಜಮಾನರು ಜೋಪಾನ ಮಾಡಿದ್ದರು. ಅವರ ಮುಖ ನೋಡಿ ಅತ್ತೆಯವರು, "ನನಗಿಂತ ಹೆಚ್ಚಾತೇನೋ ಅದು?" ಎಂದರು. ಯಜಮಾನರು ಹಗ್ಗ ಬಿಚ್ಚಿದರು.

ಸತ್ತವರನ್ನು ಕೂಡಿಸಲೆಂದು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅದನ್ನು ನಿಲ್ಲಿಸಿಯೇ ಇಟ್ಟರು. ಮಲಗಿಸುವುದು ಅವರಿಗೆ ತಿಳಿಯದು. ಅತ್ತೆಯವರ ಕೊರಳ ಹಾರವನ್ನು ಅದಕ್ಕೆ ಹಾಕಿದರು. ಆ ಊರಿನ ಅಯ್ಯನವರು ಸ್ವಲ್ಪ ಹೊತ್ತು ಯೋಚಿಸಿ ಒಂದು ಹಿಡಿ ಪತ್ರೆ ಹಾಕಿದರು. ಎಲ್ಲರೂ ಸೇರಿ ಮಣ್ಣು ಎಳೆದರು. ಅತ್ತೆಯವರು ಮೋಟಾರಿನಲ್ಲಿ ಕೂತೇ ಕೊನೆಯ ಹಿಡಿಯವರೆಗೂ ನೋಡಿದರು.

ಒಲೆ ಹತ್ತಿತು. ಜಗಲಿಯ ಮೇಲೆ ಅತ್ತೆಯವರಿಗೆ ರೊಟ್ಟಿ, ಶೇಂಗಾ ಚಟ್ನಿ ಬಂತು. ತಮ್ಮ ದೂರದಲ್ಲೇ ಕೂತಿದ್ದವನು ಅಗಿಯುವ ಸದ್ದು ಕೇಳಿ ಹತ್ತಿರ ಸರಿದ. ಕೈ ಚಾಚಿ ಅವರ ದವಡೆ ಮುಟ್ಟಿದ. ಅತ್ತೆಯವರು ಅಗಿಯುವುದನ್ನು ನಿಲ್ಲಿಸಲಿಲ್ಲ. ಅವನ ಬೆರಳುಗಳು ಆ ಕೆನ್ನೆಯಿಂದ ಈ ಕೆನ್ನೆಗೆ ಹೋಗಿ ಬಂದವು.

"ಒಂದೇ ಕಡೆ ಅಗಿತೀಯಲ್ಲಕ್ಕಾ" ಎಂದ ಕೊನೆಗೆ. "ಆ ಕಡೆ ಹಲ್ಲೆಲ್ಲ ಹೋದ್ವಾ?"

"ಹ್ಞೂ ಕಣೋ. ಅದಕ್ಕೇ ದನಿ ಹಂಗೈತೆ."

ಅವನು ಅವರ ಎಡಗೈಯನ್ನು ತನ್ನ ಎರಡು ಕೈಯೊಳಗೆ ತೆಗೆದುಕೊಂಡು, ಊಟ ಮುಗಿಯುವವರೆಗೂ ಬಿಡಲಿಲ್ಲ.

ಮರುದಿನ ಹೊರಡುವಾಗ ಅತ್ತೆಯವರು ಉಂಡ ತಟ್ಟೆಯನ್ನು ಮನೆಯೊಳಗೆ ಸೇರಿಸದೆ ಬಾವಿಯ ಆಚೆ ಬೇಲಿಗೆ ಒರಗಿಸಿದ್ದು ನನ್ನ ಕಣ್ಣಿಗೆ ಬಿತ್ತು. ನಾನು ಅವರಿಗೆ ಹೇಳಲಿಲ್ಲ. ಅವರು ಕಟ್ಟು ಬೇಡವೆಂದು ಮುಂದಿನ ಸೀಟನ್ನು ಹಿಡಿದುಕೊಂಡು ಕೂತರು. ಅಂದಿನಿಂದ ಅವರದೊಂದು ಹೊಸ ರೂಢಿ. ದೂರದಲ್ಲಿ ಜನ ಕಂಡರೆ ಸಾಕು, ಕೈ ಹೊರಗೆ ಚಾಚಿ ಬೀಸುತ್ತಿದ್ದರು, ಏನಪ್ಪ, ಮಳೆ ಹೆಂಗೈತೆ ಎಂದು ಕೂಗುತ್ತಿದ್ದರು. ವರ್ಷಕ್ಕೆರಡು ಸಲ ಹರಿಯಬ್ಬೆಗೆ ಹೋಗಿ ಬರುವುದಾಯಿತು. ಬಬ್ಬೂರಿನ ಹೊಲದವರು ಹಾರನ್ನಿನ ಸದ್ದು ಕೇಳಿದೊಡನೆ ಕೈಯೆತ್ತಿ ಕಾಯತೊಡಗಿದರು.

ಅವರು ನಿಜವಾಗಿ ತೀರಿಕೊಂಡಾಗಲೂ ಮೋಟಾರಿನಲ್ಲೇ ಕರೆದೊಯ್ದೆವು. ಅದೇ ಸೀಟು, ದಿಂಬು, ಅದೇ ವಸ್ತ್ರ. ಗಂಟು ಹಾಕಿದವಳು ನಾನೇ. ಯಜಮಾನರು ಹಾರನ್ನಿನ ಬುರುಡೆ ಮುಟ್ಟದೆ ಮೆಲ್ಲಗೆ ನಡೆಸಿದರು. ಆದರೂ ಬಬ್ಬೂರಿನ ಬದುವಿನ ಮೇಲೆ ಜನ ಸೇರಿದ್ದರು. ಯಾರೂ ತಲೆಯ ವಸ್ತ್ರ ತೆಗೆಯಲಿಲ್ಲ. ಎಲ್ಲರೂ ನಗುತ್ತ ಕೈ ಬೀಸಿದರು.

"ಅವ್ವಾರೇ, ತವರಿಗೆ ಹೊಂಟ್ರಾ?" ಎಂದು ಒಬ್ಬಳು ಕೂಗಿದಳು.

ಅಷ್ಟರಲ್ಲಿ ಗಾಲಿ ಒಂದು ಕುಳಿಗೆ ಇಳಿದು ಎದ್ದಿತು. ನನ್ನ ಪಕ್ಕದಲ್ಲಿ ಅತ್ತೆಯವರ ಕೈ ದಿಂಬಿನಿಂದ ಮೇಲೆದ್ದು, ಬಾಗಿಲಿನ ಅಂಚಿನಾಚೆ ಬಿದ್ದು, ದಾರಿಯ ಕುಲುಕಾಟಕ್ಕೆ ಆಡತೊಡಗಿತು. ನಾನು ಅದನ್ನು ಒಳಗೆ ಎಳೆದುಕೊಳ್ಳಲಿಲ್ಲ. ಜನ ಕಣ್ಮರೆಯಾಗುವವರೆಗೂ ಅದು ಹಾಗೇ ಇತ್ತು.