ತುಂಡುತುಂಡಾಗಿ ಬಂದ ಹಂಸಗಳು

ಪಕ್ಕದ ಮನೆಯಿಂದ ನೂಲಿಗೆ ಹಾಕುವ ಗಂಜಿಯ ವಾಸನೆ ಬಂದರೆ ಸಾಕು, ಮೌಸ್ ಹಿಡಿದ ನನ್ನ ಕೈ ನಿಧಾನವಾಗುತ್ತದೆ. ನಿಧಾನ ನನ್ನ ಗುಣವಲ್ಲ. ಶಾಲೆಯಲ್ಲಿ ಕವಾಯತು ಮಾಡಿಸಿ ನಿವೃತ್ತನಾದವನು ನಾನು. ಮನೆಗೆ ಬಂದವರ ಚಪ್ಪಲಿಗಳನ್ನೂ ಸಾಲಾಗಿ ನಿಲ್ಲಿಸುತ್ತೇನೆ. ನಗಬೇಡಿ, ನಮ್ಮೂರು ಗದ್ವಾಲಕ್ಕೆ ಬಂದರೆ ನಿಮ್ಮವೂ ನಿಲ್ಲುತ್ತವೆ.

ನಿವೃತ್ತಿಯ ಮೇಲೆ ಕಂಪ್ಯೂಟರಿನಲ್ಲಿ ಸೀರೆಯಂಚು ಬಿಡಿಸಲು ಕಲಿತೆ. ನೇಯುವವಳು ಪಕ್ಕದ ಮನೆಯ ಸುಶೀಲಮ್ಮ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ರಾಯಚೂರಿನ ಮದುವೆ ಮನೆಯವರು ಅಂಚು ನೋಡಲು ಬರುವವರಿದ್ದರು. ಮೆಚ್ಚಿದರೆ ಸೀರೆಗಳೆಲ್ಲ ಅವಳ ಮಗ್ಗಕ್ಕೆ, ಇಲ್ಲವಾದರೆ ಪವರ್‌ಲೂಮ್ ಅಂಗಡಿಗೆ. ಅವಳ ಮಗ್ಗ ಖಾಲಿ ಬಿದ್ದು ಬಹಳ ದಿನವಾಗಿತ್ತು.

ಅಂದೇ ಪರದೆ ಕೈಕೊಟ್ಟಿತು. ಹಂಸಗಳ ಅಂಚನ್ನು ಮೌಸಿನಿಂದ ಎಳೆದರೆ ಹಂಸದ ಕೊಕ್ಕು ಮೊದಲು, ಬಾಲ ಎಷ್ಟೋ ಹೊತ್ತಿಗೆ. ಚಿತ್ರ ಭಾರವಾಯಿತೇನೋ ಎಂದು ಅದನ್ನು ಮುಚ್ಚಿ ಬರೀ ಖಾಲಿ ವಿಂಡೋ ಎಳೆದೆ. ಅದೂ ತೆವಳಿತು. ಪ್ರೊಸೆಸರಿನ ಶಕ್ತಿಯನ್ನೆಲ್ಲ ತಿನ್ನುತ್ತಿದ್ದುದು ಪರದೆಗೆ ಚಿತ್ರ ಒದಗಿಸುವ ತಂತ್ರಾಂಶ, ಡಿಸ್‌ಪ್ಲೇ ಸರ್ವರ್. ಕಾರಣಗಳನ್ನು ಒಂದೊಂದೇ ಪರೀಕ್ಷಿಸುತ್ತ ಹೋದೆ.

"ಮಾಸ್ತರ್ರ, ನಿಮ್ಮ ಶಿಸ್ತು ಮುಗಿಯೋದ್ರಾಗ ಆ ಮದುವಿ ಹುಡುಗಿಗೆ ಕೂಸು ಹುಟ್ಟಿರತೈತ್ರಿ," ಎಂದಳು ಪಕ್ಕದಲ್ಲೇ ಕಾಯುತ್ತಿದ್ದ ಸುಶೀಲಮ್ಮ.

ಕೊನೆಗೆ ಸರ್ವರ್ ತನ್ನ ಕೆಲಸವನ್ನು ಬರೆದಿಡುವ ಲಾಗ್ ಓದಿದೆ. ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿತ್ತು, ಅದರ ದುಡಿಮೆಯನ್ನೂ ಪ್ರೊಸೆಸರೇ ಹೊತ್ತಿತ್ತು. ಹಿಂದಿನ ದಿನ ಮಾನಿಟರ್ ಬದಲಿಸಿದ ರಿಪೇರಿಯವನು ಪರೀಕ್ಷೆಗೆಂದು ಆ ಕಾರ್ಡನ್ನು ಬಳಸದ ಸಾದಾ ಡ್ರೈವರ್ ಹಾಕಿ, ಆ ಸೆಟ್ಟಿಂಗ್ ತೆಗೆಯಲು ಮರೆತಿದ್ದ. ತೆಗೆದು ಸರ್ವರನ್ನು ಮತ್ತೆ ಶುರುಮಾಡಬೇಕು. ಪರದೆ ತಿರುಗಿ ಬರದೆಯೂ ಇರಬಹುದು ಎಂದು ಅವಳಿಗೆ ಹೇಳಿದೆ.

ಅವಳು ಬಾಗಿಲ ಕಡೆ ನೋಡಿದಳು. "ತಗೀರಿ. ಹಿಂಗ ತೋರಿಸಿದ್ರೂ ಆರ್ಡರ್ ಹೋಗೋದ ಐತಿ."

ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಹೊಸ್ತಿಲಲ್ಲಿ ಮದುವೆ ಮನೆಯವರು. ಸುಶೀಲಮ್ಮ ನೀರು ಕೊಟ್ಟು, ಜೂರಾಲ ಅಣೆಕಟ್ಟಿನಲ್ಲಿ ನೀರು ಎಷ್ಟು ಬಂದಿದೆ ಎಂಬ ಮಾತು ತೆಗೆದಳು. ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. ಆ ಕಪ್ಪು ಪರದೆಯಲ್ಲಿ ನನ್ನ ಮುಖವೇ ನನಗೆ ಕಾಣುತ್ತಿತ್ತು.

ಬೆಳಕು ಬಂತು. ಅಂಚು ಎಳೆದೆ, ಹಂಸಗಳು ಹೊಳೆಯಂತೆ ಹರಿದವು. ಹುಮ್ಮಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸಿಬಿಟ್ಟೆ.

"ಅಣ್ಣಾರ, ಸಾವಕಾಶ ಎಳೀರಿ. ಹಕ್ಕಿ ನೋಡಬೇಕಲ್ರಿ," ಎಂದರು ಹುಡುಗಿಯ ತಾಯಿ.

ನಿಲ್ಲಿಸಿದೆ. ಅವರು ಒಂದು ಹಂಸದ ಕತ್ತಿನ ಬಾಗನ್ನು ಬೆರಳಲ್ಲಿ ಸವರಿದರು. "ಇದ ಇರಲಿ," ಎಂದರು. ಸುಶೀಲಮ್ಮನ ಕೈಯಿಂದ ಸೆರಗು ಜಾರಿತು.

ಇಂದು ಯಂತ್ರ ಚುರುಕಾಗಿದೆ, ಗಂಜಿಯ ವಾಸನೆ ಮನೆಯೆಲ್ಲ ತುಂಬಿದೆ. ಹೊಸ ಅಂಚನ್ನು ಒಂದೊಂದೇ ಹಕ್ಕಿಯಾಗಿ ಎಳೆಯುತ್ತಿದ್ದೇನೆ. ಕಿಟಕಿಯಲ್ಲಿ ಸುಶೀಲಮ್ಮ ಇಣುಕಿದಳು: "ಏನ್ರಿ ಮಾಸ್ತರ್ರ, ಮತ್ತ ಮಿಷನ್ ಕೆಟ್ಟೈತೇನ್ರಿ?"

ಇಲ್ಲ, ನೋಡುತ್ತಿದ್ದೇನೆ ಎಂದೆ.