ಅಕ್ಕನ ತೋಳಿನ ಬಿಳಿ ಕಲೆ

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಕನ್ನಡ ಬಲ್ಲ ಗಂಡುಗಳಿಗೆ ಎಲ್ಲಿಲ್ಲದ ಬೆಲೆ ಬಂತು. ಉರ್ದು ಸಾಲಿಗಳಿಗೆಲ್ಲ ಕನ್ನಡ ಮಾಸ್ತರರು ಬೇಕಾಗಿದ್ದರು. ಭಾಲ್ಕಿ ಕಡೆಯ ಮೆಹಕರದಿಂದ ಅಂಥ ಒಬ್ಬ ಹೊಸ ಮಾಸ್ತರನ ಮನೆಯವರು ಅಕ್ಕನನ್ನು ನೋಡಲು ನಮ್ಮ ಮನ್ನಳ್ಳಿಗೆ ಬಂದರು. ಈ ಸಂಬಂಧ ಕೂಡಿದರೆ ಮಗಳು ಕುರಿ ಹಿಂದೆ ಅಲೆಯುವುದು ತಪ್ಪುತ್ತದೆ ಎಂದು ಅವ್ವ ಅದನ್ನೇ ಜಪಿಸುತ್ತಿದ್ದಳು.

ಅಕ್ಕನ ತೋಳಿನ ಮೇಲೆ ಅಂಗೈಯಗಲದ ಬಿಳಿ ಕಲೆ ಇತ್ತು. ಅವ್ವ ಅವಳಿಗೆ ಉದ್ದ ತೋಳಿನ ಕುಪ್ಪಸ ತೊಡಿಸಿ, "ಅವರು ಏನ್ ಮಾಡಿದ್ರೂ ತಲಿ ಎತ್ತಬ್ಯಾಡ, ಮಿಸುಕಬ್ಯಾಡ, ತುಟಿ ಪಿಟಕ್ ಅನಬ್ಯಾಡ" ಎಂದು ತಾಕೀತು ಮಾಡಿದ್ದಳು. ನಮ್ಮಲ್ಲಿ ಹುಡುಗಿ ಕಲ್ಲಿನಂತೆ ಕೂತಷ್ಟೂ ಮರ್ಯಾದಸ್ಥಳು.

ವರನ ಸೋದರತ್ತೆ ಬಲು ಘಾಟಿ. ಅಕ್ಕನ ಕುಪ್ಪಸದ ತೋಳು ಮೇಲೆ ಸರಿಸಿ ಕಲೆ ಕಂಡುಬಿಟ್ಟಳು. ಗೋಡೆಗೆ ಸಿಕ್ಕಿಸಿದ್ದ, ಕಂಬಳಿ ಹೊಲೆಯುವ ದಬ್ಬಣ ಎಳೆದುಕೊಂಡು, ಕಲೆಯ ನಡುವೆ ಚುಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಅಕ್ಕನ ಚರ್ಮ ಏನು ಮಾಡಬೇಕೋ ಎಲ್ಲ ಮಾಡಿತು. ರೋಮ ನೆಟ್ಟಗೆ ನಿಂತವು, ಆ ಕಲೆಯ ಮೇಲೂ ಬೆವರು ಒಡೆಯಿತು, ರಕ್ತ ಬಂತು. ಆದರೆ ಆ ಕತ್ತೆಗಳೆಲ್ಲ ನೋಡಿದ್ದು ಅವಳ ಮುಖವನ್ನು. ಮುಖ ಅಲುಗಲಿಲ್ಲ.

"ಮಹಾರೋಗದ ಕಲಿಗಿ ಚುಚ್ಚಿದ್ದು ತಿಳಿಯಂಗಿಲ್ರಿ. ನಿಮ್ಮ ಹುಡುಗಿ ಹ್ಯಾಂಗ ಕುಂತಾಳ ನೋಡ್ರಿ!" ಎನ್ನುತ್ತ ಅತ್ತೆ ಎದ್ದಳು. ಚಹಾ ಮುಟ್ಟದೆ ಎಲ್ಲರೂ ಹೊರಟರು.

ಅಪ್ಪ ಅಕ್ಕನನ್ನು ಬೀದರಿನ ಡಾಕ್ಟರರ ಬಳಿ ಕರೆದೊಯ್ದ. ಬಣ್ಣ ಹೋಗಿದೆ, ಅಷ್ಟೇ ಎಂದರು ಅವರು. ನೋವು, ಬಿಸಿ, ತಂಪು ಎಲ್ಲ ತಿಳಿಯುತ್ತದೆ. ಬೆವರಿ ಮೈಯ ಕಾವನ್ನು ಹದದಲ್ಲಿಡುವ ಕೆಲಸವನ್ನೂ ಆ ಚರ್ಮ ಮಾಡುತ್ತಿದೆ. ಮಹಾರೋಗ, ಅಂದರೆ ಕುಷ್ಠ, ಆಗಿದ್ದರೆ ಅಲ್ಲಿ ಬೆವರೂ ಬರುತ್ತಿರಲಿಲ್ಲ. ಊರಲ್ಲಿ ಡಾಕ್ಟರರ ಮಾತು ಯಾರಿಗೆ ಬೇಕು? ದಬ್ಬಣದ ಸುದ್ದಿ ಔರಾದದವರೆಗೆ ಮುಟ್ಟಿತ್ತು.

ಆಗ ಅವ್ವ ತಾನೇ ದಬ್ಬಣ ಹಿಡಿದಳು. ಮನೆಗೆ ಯಾರೇ ಬರಲಿ, ಅಕ್ಕನನ್ನು ಕೂರಿಸಿ ಚುಚ್ಚುವಳು. ಅಕ್ಕ ಚೀರುವಳು. "ನೋಡ್ರಿ, ಹ್ಯಾಂಗ ಚೀರ್ತಾಳ! ನನ್ನ ಮಗಳಿಗಿ ಏನೂ ಆಗಿಲ್ರಿ" ಎಂದು ಅವ್ವ ಹಿಗ್ಗುವಳು. ಆ ಹಿಗ್ಗಿದ ಮುಖ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಒಂದು ದಿನ ಡಾಬಕಾದಿಂದ ಬಂದ ನೆಂಟರ ಎದುರು ಅಕ್ಕ ಚೀರಲಿಲ್ಲ. ಹಲ್ಲು ಕಚ್ಚಿ ಅವ್ವನನ್ನೇ ದಿಟ್ಟಿಸಿದಳು. ಅವ್ವ ಇನ್ನೂ ಆಳಕ್ಕೆ ಚುಚ್ಚಿ, "ನೋವಾತಿಲ್ಲೋ, ಹೇಳು!" ಎಂದು ಗದರಿದಳು.

"ಇಲ್ಲ" ಎಂದಳು ಅಕ್ಕ.

ಆಮೇಲೆ ಹಿತ್ತಲಿನಲ್ಲಿ ಅವಳು ತೋಳನ್ನು ನೀರಲ್ಲಿ ಅದ್ದಿಕೊಂಡು ಬಿಕ್ಕುತ್ತಿದ್ದಳು. "ಸಾಯಲಿ, ಇನ್ನ ಅಕಿಗಿ ಚೀರಿ ತೋರಸಂಗಿಲ್ಲ" ಎಂದಳು. ನಾನು ಓಡಿಹೋಗಿ ಅವ್ವನಿಗೆ, ಅಕ್ಕ ಸುಳ್ಳು ಹೇಳಿದಳು, ಅವಳಿಗೆ ನೋವಾಗಿದೆ, ಅಳುತ್ತಿದ್ದಾಳೆ ಎಂದು ಹೇಳಿದೆ. ಅವ್ವ ನನ್ನತ್ತ ತಿರುಗಲೂ ಇಲ್ಲ. ಅಕ್ಕನ ತಾಟು, ಚೆಂಬು, ಕಂಬಳಿ ತೆಗೆದುಕೊಂಡು ಹೋಗಿ ಕುರಿಗಳ ಹಟ್ಟಿಯಲ್ಲಿಟ್ಟು, ಬಂದು ಕೈ ತೊಳೆದುಕೊಂಡಳು.