ಐಸ್ ಪರೀಕ್ಷೆಗೆ ಹೇಳಿಕೊಟ್ಟ ಉತ್ತರ

ನನ್ನ ಮಗಳಿಗೆ ಏಳು ವರ್ಷವಾಗಿದ್ದಾಗ ಅವಳ ಬಲಗಡೆಯ ಕಿಡ್ನಿಗೆ ಆಪರೇಷನ್ ಆಯಿತು. ೨೦೧೫ರ ಸುಮಾರು. ನಾವಾಗ ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿದ್ದೆವು, ಮಕ್ಕಳ ಆಸ್ಪತ್ರೆ ರೈಲಿನಲ್ಲಿ ಮುಕ್ಕಾಲು ಗಂಟೆ ದೂರ. ಕಿಡ್ನಿಯಿಂದ ಇಳಿಯುವ ಕೊಳವೆ ಒಂದು ಕಡೆ ಕಿರಿದಾಗಿದೆ, ಆ ಭಾಗ ಕತ್ತರಿಸಿ ಮತ್ತೆ ಹೊಲಿಯಬೇಕು ಎಂದರು. ಲಾರಿ ಇಂಜಿನ್ನುಗಳ ಕೊಳವೆಗಳ ಜೊತೆಯಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಅಷ್ಟು ಅರ್ಥವಾಯಿತು. ಅರ್ಥವಾದದ್ದು ಅಷ್ಟೇ ಎಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಹಿಂದಿನ ದಿನ ಅರಿವಳಿಕೆಯ ಡಾಕ್ಟರ್ ಬಂದರು. ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡಿದ್ದ ಆ ಹೆಂಗಸನ್ನು ನಾನು ನೆಲ ಒರೆಸಲು ಬಂದವರೆಂದುಕೊಂಡು ಕಾಲೆತ್ತಿ ಕೂತೆ. ಆಕೆ ಮಗಳ ಮುಂದೆ ನೆಲದ ಮೇಲೇ ಕೂತು, ಒಂದು ಬಟ್ಟೆಯ ಗೊಂಬೆಯ ಬೆನ್ನಿಗೆ ಸಣ್ಣ ನಳಿಕೆ ಅಂಟಿಸಿ ತೋರಿಸಿದರು. ನೀನು ನಿದ್ದೆ ಹೋದ ಮೇಲೆ ಇದನ್ನು ಹಾಕುತ್ತೇವೆ, ಎರಡು ಮೂರು ದಿನ ಇದರಲ್ಲಿ ಔಷಧಿ ಹೋಗುತ್ತಿರುತ್ತದೆ, ಹೊಟ್ಟೆ ನೋಯುವುದಿಲ್ಲ, ಒಪ್ಪಿಗೆಯೇ ಎಂದು ಮಗಳನ್ನು ಕೇಳಿದರು. ಅಪ್ಪಣೆ ಕೊಡಲೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ನಾನು ಒಮ್ಮೆ ಕೆಮ್ಮಿದೆ. ಆಕೆ ನನಗೊಂದು ಲೋಟ ನೀರು ತರಿಸಿಕೊಟ್ಟರು.

ಹೆಂಡತಿ ಐದು ತಿಂಗಳ ಕೂಸಿನೊಡನೆ ಮನೆಯಲ್ಲಿದ್ದಳು. ಮೊದಲ ಹೆರಿಗೆಯಲ್ಲಿ ಬೆಂಗಳೂರಿನವರು ಕೊಟ್ಟ ಬೆನ್ನಿನ ಇಂಜೆಕ್ಷನ್ನೇ ತನ್ನ ಸಕಲ ಬೆನ್ನುನೋವಿಗೂ ಮೂಲ ಎಂಬುದು ಅವಳ ಸಿದ್ಧಾಂತ. ಸೂಟ್‌ಕೇಸ್ ಎತ್ತಿ ಉಳುಕಿಸಿಕೊಂಡದ್ದೂ ಅದರ ಲೆಕ್ಕಕ್ಕೇ. ಫೋನಿನಲ್ಲಿ ವಿಷಯ ತಿಳಿಸಿದೆ.

“ಬೆನ್ನಿಗಾ? ಬೇಡ ಅನ್ನಿ ರೀ!”

“ನನ್ನನ್ನ ಯಾರೂ ಕೇಳ್ಲೇ ಇಲ್ಲ ಕಣೇ.”

“ಮತ್ತೆ ನೀವೇನ್ ಮಾಡ್ತಿದ್ರಿ ಅಲ್ಲಿ?”

“ನೀರು ಕುಡೀತಿದ್ದೆ.”

ಮರುದಿನ ಆಪರೇಷನ್ ಚೆನ್ನಾಗಿಯೇ ಆಯಿತೆಂದರು. ಮಗಳನ್ನು ವಾರ್ಡಿಗೆ ತಂದಾಗ ಬೆನ್ನಿನಿಂದ ಭುಜದವರೆಗೆ ಪಟ್ಟಿ ಅಂಟಿಸಿದ ನಳಿಕೆ, ಅದರ ಇನ್ನೊಂದು ತುದಿಗೆ ಪುಟ್ಟ ಪಂಪು. ಕನ್ನಡಕವನ್ನು ಕುತ್ತಿಗೆಗೆ ಇಳಿಬಿಟ್ಟಿದ್ದ ನರ್ಸಮ್ಮ ಒಂದು ರಬ್ಬರ್ ಗ್ಲೌಸಿನಲ್ಲಿ ಐಸ್ ತುಂಬಿಸಿಕೊಂಡು ಬಂದು ನನಗೆ ವಿವರಿಸಿದಳು. ಔಷಧಿ ಹತ್ತಿದ ಜಾಗದಲ್ಲಿ ತಣ್ಣಗೆನಿಸುವುದಿಲ್ಲ. ತಣ್ಣಗೆನಿಸಿದರೆ ಅಲ್ಲಿ ಔಷಧಿ ಹತ್ತಿಲ್ಲ ಎಂದರ್ಥ. ತಣ್ಣಗಿಲ್ಲದ ಐಸ್ ಒಳ್ಳೆಯದು ಎಂಬ ಈ ತತ್ತ್ವವನ್ನು ಜೀರ್ಣಿಸಿಕೊಳ್ಳಲು ನನಗೆ ಎರಡು ನಿಮಿಷ ಬೇಕಾಯಿತು. ಆದರೆ ಸರಿಯುತ್ತರ ಯಾವುದೆಂದು ಒಮ್ಮೆ ತಿಳಿದ ಮೇಲೆ ಮೇಷ್ಟ್ರ ಮಗನಾದ ನಾನು ಸುಮ್ಮನಿರುವುದು ಹೇಗೆ?

ಎಡಹೊಟ್ಟೆಗೆ ಐಸ್ ತಾಗಿಸಿದಾಗ ಮಗಳು ತಾನೇ ತಣ್ಣಗಿಲ್ಲ ಎಂದಳು. ಬಲಗಡೆ ತಾಗಿಸಿದಾಗ ತಡವರಿಸಿ ನನ್ನ ಮುಖ ನೋಡಿದಳು. ನಾನು ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದೆ.

“ತಣ್ಣಗಿಲ್ಲ ಅನ್ನು ಕಂದಾ.”

ಅವಳು ಅದನ್ನು ಸ್ವೀಡಿಷ್‌ನಲ್ಲಿ ಹೇಳಿದಳು. ಆಮೇಲೆ ಸೊನ್ನೆಯಿಂದ ಹತ್ತರವರೆಗೆ ಮುಖಗಳಿದ್ದ ಒಂದು ಪಟ್ಟಿ ಬಂತು. ಸೊನ್ನೆಯದು ನಗುಮುಖ, ಹತ್ತರದು ಅಳುಮುಖ. ನೋವು ಎಷ್ಟೆಂದು ಬೆರಳಿಟ್ಟು ತೋರಿಸಬೇಕು.

“ಅಳೋದು ಬೇಡ, ನಗೋದು ತೋರ್ಸು. ಜಾಣೆ ಅಲ್ವಾ ನೀನು?”

ಮಗಳು ಒಂದನ್ನು ತೋರಿಸಿದಳು. ನರ್ಸಮ್ಮನಿಗೆ ಕನ್ನಡ ಬಾರದು, ಬರೆದುಕೊಂಡು ಹೋದಳು. ನಾನು ಪರೀಕ್ಷೆ ಪಾಸಾದವರ ಗಾಂಭೀರ್ಯದಿಂದ ಕುರ್ಚಿಗೊರಗಿದೆ.

ಮುಂದಿನ ಒಂದು ಗಂಟೆ ನನಗೆ ಇಂದಿಗೂ ಸರಿಯಾಗಿ ಬಿಡಿಸಿ ಹೇಳಲಾಗದು. ಮಗಳು ಅಳಲಿಲ್ಲ. ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಸಣ್ಣಸಣ್ಣಗೆ ಉಸಿರಾಡುತ್ತಿದ್ದಳು. ನೀರು ಬೇಡ, ಪಕ್ಕಕ್ಕೆ ಹೊರಳುವುದೂ ಬೇಡ. ಮೇಲ್ದುಟಿಯ ಮೇಲೆ ಬೆವರು. ಬಂದು ನೋಡಿದ ನರ್ಸಮ್ಮ, ಬರೆದ ಅಂಕಿಗೂ ಈ ಮುಖಕ್ಕೂ ಹೊಂದುತ್ತಿಲ್ಲವಲ್ಲ ಎಂದಳು. ನನಗೂ ಹೊಂದಲಿಲ್ಲ. ಔಷಧಿ ಹತ್ತಿದೆ, ಐಸೇ ಸಾಕ್ಷಿ, ಮತ್ತೆ ಇದೇನು? ಬೆನ್ನುಮೂಳೆಗೇ ಏನಾದರೂ ಆಗಿಹೋಯಿತೇ? ಹೊದಿಕೆ ಸರಿಸಿ ಅವಳ ಕಾಲಿನ ಹೆಬ್ಬೆರಳನ್ನು ಗುಟ್ಟಾಗಿ ಚಿವುಟಿದೆ. ಕಾಲೆಳೆದುಕೊಂಡಳು. ಅದು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯಲಿಲ್ಲ. ಮನೆಗೆ ಫೋನ್ ಮಾಡಿದೆ.

“ಐಸ್ ತಣ್ಣಗಿಲ್ಲ ಅಂದ್ಲು ಕಣೇ. ಆದ್ರೂ ನೋವಿರೋ ಹಾಗಿದೆ.”

“ಅವಳೇ ಅಂದ್ಲಾ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

“ರೀ, ಅವಳೇ ಅಂದ್ಲಾ, ನೀವು ಹೇಳ್ಕೊಟ್ರಾ?”

“ಸ್ವಲ್ಪ ಸಹಾಯ ಮಾಡ್ದೆ.”

“ಅಯ್ಯೋ, ಸ್ಕೂಲ್ ಮೀಟಿಂಗಲ್ಲೂ ಇದೇ ಮಾಡಿದ್ರಿ! ಟೀಚರ್ ಅವಳನ್ನ ಕೇಳಿದ್ರೆ ನೀವು ಉತ್ತರ ಕೊಡೋದು. ಹೋಗಿ ಆ ನರ್ಸಿಗೆ ಹೇಳಿ. ಫೋನ್ ಇಡಿ ಮೊದ್ಲು!”

ನನ್ನ ಸ್ವೀಡಿಷ್ ಬ್ರೆಡ್ ಕೊಳ್ಳುವುದಕ್ಕೂ ಹವಾಮಾನವನ್ನು ಬೈಯುವುದಕ್ಕೂ ಸಾಕಾಗುತ್ತಿತ್ತು. ತಪ್ಪೊಪ್ಪಿಗೆಗೆ ಅದನ್ನು ಎಂದೂ ಬಳಸಿರಲಿಲ್ಲ. ಉತ್ತರ ನನ್ನದು, ಅವಳದಲ್ಲ ಎಂದು ನರ್ಸಮ್ಮನಿಗೆ ಹೇಗೋ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಹೊರಗೆ ಕಾಫಿ ಇದೆ, ಹೋಗಿ ಕುಡಿ” ಎಂದು ಬಾಗಿಲು ತೋರಿಸಿದಳು.

ಕಪ್ಪು ಹಿಡಿದು ಬಾಗಿಲಾಚೆ ನಿಂತೆ. ಒಳಗೆ ಮಗಳು ಮೊದಲ ಬಾರಿಗೆ ಅತ್ತಳು, ಅಳುತ್ತಲೇ ಸ್ವೀಡಿಷ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. ನನಗೆ ಒಂದು ಪದವೂ ಸಿಗಲಿಲ್ಲ. ನರ್ಸಮ್ಮ ಹೊರಬಂದು, ಬಲಗಡೆ ಪೂರ್ತಿ ತಣ್ಣಗಿದೆ, ನೋವು ಎಂಟು ಎಂದಳು. ನಳಿಕೆಯ ತುದಿ ಒಳಗೆ ಎಡಕ್ಕೆ ಸರಿದು ಔಷಧಿಯೆಲ್ಲ ಒಂದೇ ಪಕ್ಕಕ್ಕೆ ಹೋಗುತ್ತಿರಬೇಕು, ಹಾಗಾಗುವುದುಂಟಂತೆ. ಹೊಲಿಗೆ ಇದ್ದದ್ದು ಬಲಕ್ಕೆ.

ಪ್ಲಾಸ್ಟಿಕ್ ಚಪ್ಪಲಿಯ ಡಾಕ್ಟರ್ ಬಂದು ನಳಿಕೆಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆಳೆದು ಔಷಧಿ ಹಾಕಿದರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು, ಮಗಳ ಮುಷ್ಟಿ ಬಿಚ್ಚಿತು. ಹೊದಿಕೆಯ ಅಂಚಿನಲ್ಲಿ ಐದೂ ಬೆರಳಿನ ಸುಕ್ಕು ಉಳಿದಿತ್ತು.

ಸಂಜೆಗೆ ಮುಂಚೆ ನರ್ಸಮ್ಮ ಮತ್ತೆ ಐಸಿನೊಡನೆ ಬಂದಾಗ ನಾನು ನಾನಾಗಿಯೇ ಎದ್ದೆ. ಕೂತಿರು ಎಂದಳು. ಎರಡು ಪಕ್ಕವೂ ತಣ್ಣಗಿಲ್ಲ ಎಂದು ಮಗಳು ತಾನೇ ಹೇಳಿದಳು. ಆಮೇಲೆ ಮುಖಗಳ ಪಟ್ಟಿ ಬಂತು. ಮಗಳು ಅದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಪರದೆಯ ನೇಯ್ಗೆಯನ್ನು ಅಧ್ಯಯನ ಮಾಡುತ್ತಿದ್ದೆ.

“ಅಪ್ಪಾ, ಯಾವ್ದು ಹೇಳ್ಬೇಕು?”

“ನಂಗೊತ್ತಿಲ್ಲ ಕಂದಾ.”

ಅಪ್ಪನಿಗೆ ಗೊತ್ತಿಲ್ಲವೆಂಬುದು ಅವಳಿಗೆ ಹೊಸ ಸಂಗತಿ. ತುಂಬ ಹೊತ್ತು ಆ ಮುಖಗಳನ್ನೇ ನೋಡಿದಳು. ಬೆರಳು ಎರಡಕ್ಕೆ ಹೋಯಿತು, ಮೂರಕ್ಕೆ ಸರಿಯಿತು, ಅವೆರಡರ ನಡುವಿನ ಖಾಲಿ ಜಾಗದಲ್ಲಿ ನಿಂತಿತು.

ಎರಡೂವರೆ ಎಂದು ಬರೆಯಲೇ ಎಂದು ನರ್ಸಮ್ಮ ಕೇಳಿದಳು.

ಮಗಳು ಇನ್ನೊಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡು, ಬರಿ ಎಂದಳು.